ಶಿಕಾಗೊದಿಂದ ಬಾರದ ಟೆಲಿಗ್ರಾಂ

“ಈ ಸಲ ಎಷ್ಟು ಸೊನ್ನೆ, ಇರ್ಮಾ?”

ಓರ್ವಿಲ್ ಪ್ರ್ಯಾಟ್ ಹಿಂದಿನ ಬೆಂಚಿನಿಂದ ಕೇಳಿದ. ನಾಲ್ಕನೇ ಕ್ಲಾಸು ಕಿಸಕ್ಕನೆ ನಕ್ಕಿತು.

ಸೋಮವಾರ ಬೆಳಿಗ್ಗೆ ಒಬ್ಬೊಬ್ಬರೂ ಎದ್ದು ನಿಂತು ಒಂದು ಸುದ್ದಿ ಹೇಳಬೇಕು. ಅದು ಮಿಸ್ ಟ್ರೆಡ್‌ವೆಲ್ ಮಾಡಿದ ನಿಯಮ. ಇರ್ಮಾ ಹುದಾಕ್ ಏನು ಹೇಳುತ್ತಾಳೆಂದು ಅವಳು ಬಾಯಿ ತೆರೆಯುವ ಮೊದಲೇ ಎಲ್ಲರಿಗೂ ಗೊತ್ತಿರುತ್ತಿತ್ತು.

ಅವಳ ಅಪ್ಪ ಮಾಟೂಷ್ ವಾರವಿಡೀ ಇಟ್ಟಿಗೆ ಗೂಡಿನಲ್ಲಿ ಬೆವರು ಸುರಿಸಿ, ಭಾನುವಾರ ಬ್ರೆಂಟ್‌ವೆಲ್ ಬ್ರಿಕ್ಸ್ ತಂಡಕ್ಕೆ ಫುಟ್‌ಬಾಲ್ ಆಡುತ್ತಿದ್ದ. ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ ಅದು. ಸುಮ್ಮನೆ ಮೋಜಿನ ತಂಡವಲ್ಲ. ದೊಡ್ಡ ದೊಡ್ಡ ಊರುಗಳ ವಿರುದ್ಧ, ಕೂಲಿ ಪಡೆದು ಆಡುವ ಪಕ್ಕಾ ತಂಡ. 1923ರ ಆ ಸೀಸನ್ನಿನಲ್ಲಿ ಐದು ಆಟ ಆಡಿತ್ತು. ಐದನ್ನೂ ಸೋತಿತ್ತು. ಸೋಲಲಿ ಬಿಡಿ, ಒಂದೇ ಒಂದು ಪಾಯಿಂಟ್ ಕೂಡ ಮಾಡಿರಲಿಲ್ಲ.

“ಹೆಸರಿಗೆ ಇಟ್ಟಿಗೆ, ಮುಟ್ಟಿದರೆ ಪುಡಿ” ಎಂದು ಒಹಾಯೊ ರಾಜ್ಯದ ತುಂಬ ಜನ ಆಡಿಕೊಳ್ಳುತ್ತಿದ್ದರು. ಆ ಮಾತನ್ನು ಮೊದಲು ಹೇಳಿದ್ದು ಇರ್ಮಾಳ ಅಪ್ಪನೇ. ಅವನು ಹಾಗೆಯೇ. ಮೂರನೇ ಆಟ ಸೋತು ಬಂದ ದಿನ, “ಟಾಸ್ ನಾವೇ ಗೆದ್ವಿ ಕಣ್ರಯ್ಯಾ. ಅಲ್ಲಿಗೇ ಆಟ ನಿಲ್ಲಿಸಿ ಮನೆಗೆ ಬರಬೇಕಿತ್ತು” ಎಂದು ಬೀದಿಯವರನ್ನೆಲ್ಲ ನಗಿಸಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರೆ ಇರ್ಮಾಗೆ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸುತ್ತಿತ್ತು.

“ಹೇಳಮ್ಮ ಇರ್ಮಾ” ಎಂದರು ಮಿಸ್. “ನಿನ್ನೆ ಶಿಕಾಗೊದಲ್ಲಿ ಏನಾಯ್ತು?”

ಏನಾಯಿತೋ ಇರ್ಮಾಗೇನು ಗೊತ್ತು? ಅಪ್ಪ ಇನ್ನೂ ರೈಲಿನಲ್ಲಿದ್ದ. ಊರಿನ ಪೇಪರ್ ಬರುವುದು ಸಂಜೆಗೆ.

“ಗೆದ್ವಿ ಮಿಸ್” ಎಂದಳು ಇರ್ಮಾ.

ಕ್ಲಾಸು ಗಪ್‌ಚುಪ್. ಆ ಮೌನ ಅವಳಿಗೆ ಎಷ್ಟು ಹಿತವಾಯಿತೆಂದರೆ, ಬಾಯಿ ತಾನಾಗಿಯೇ ಮುಂದುವರಿಯಿತು.

“ಆರು–ಸೊನ್ನೆ. ಬಾಲ್ ಹಿಡ್ಕೊಂಡು ಕೊನೇ ಗೆರೆ ದಾಟಿ ಟಚ್‌ಡೌನ್ ಮಾಡಿದ್ದು ನಮ್ಮಪ್ಪ.”

“ಸುಳ್ಳು!” ಎಂದ ಓರ್ವಿಲ್. “ನಿಂಗೆ ಹೆಂಗೆ ಗೊತ್ತಾಯ್ತು?”

“ಟೆಲಿಗ್ರಾಂ ಬಂತು. ನಮ್ಮನೆಗೆ. ಬೇಕಾದ್ರೆ ಅಮ್ಮನ್ನ ಕೇಳು!”

ಬೇಕಾದರೆ ಅಮ್ಮನನ್ನು ಕೇಳು ಎಂದದ್ದು ಅಂದಿನ ದಡ್ಡತನಗಳಲ್ಲೇ ದೊಡ್ಡದು. ಆದರೆ ಅದು ಅವಳಿಗೆ ತಿಳಿದದ್ದು ಆಮೇಲೆ.

ಮಧ್ಯಾಹ್ನ ಮಕ್ಕಳು ಊಟಕ್ಕೆ ಮನೆಗೆ ಓಡಿದರು. ಸುದ್ದಿಯೂ ಅವರ ಜೊತೆ ಓಡಿತು. ಇರ್ಮಾ ಮನೆಗೆ ಹೋಗುವ ಧೈರ್ಯ ಸಾಲದೆ, ಹೊಟ್ಟೆನೋವು ಎಂದು ಇನ್ನೊಂದು ಸುಳ್ಳು ಹೇಳಿ ಕ್ಲಾಸಿನಲ್ಲೇ ಕೂತಳು. ಸ್ವಲ್ಪ ಹೊತ್ತಿಗೆ ಹೊಟ್ಟೆ ನಿಜವಾಗಿಯೂ ನೋಯತೊಡಗಿತು.

ಮೂರು ಗಂಟೆಗೆ ಸ್ಕೂಲು ಬಿಟ್ಟಾಗ ಬೀದಿಯಲ್ಲಿ ಬ್ಯಾಂಡಿನ ಸದ್ದು. ಫೈರ್ ಸ್ಟೇಷನ್ನಿನ ಬ್ಯಾಂಡ್! ಓರ್ವಿಲ್‌ನ ಅಪ್ಪ ಕೆಂಪು ಕೋಟು ತೊಟ್ಟು, ಕೆನ್ನೆ ಊದಿಸಿ ದೊಡ್ಡ ಕಹಳೆ ಊದುತ್ತಿದ್ದ. ಬೇಕರಿಯವರು ಎರಡು ಕೈಯಲ್ಲೂ ಕೇಕ್ ಹಿಡಿದಿದ್ದರು. ಅದರ ಮೇಲೆ ಬಿಳಿ ಕ್ರೀಮಿನಲ್ಲಿ ಬರೆದಿತ್ತು: 6–0.

ಇರ್ಮಾಗೆ ಅಲ್ಲಿಂದ ಓಡಿಬಿಡೋಣ ಅನ್ನಿಸಿತು. ಆದರೂ ಎಲ್ಲರ ಹಿಂದೆ ರೈಲ್ವೆ ಸ್ಟೇಷನ್ನಿಗೆ ಹೋದಳು. ಹೋಗದೆ ಇರಲು ಹೋಗುವುದಕ್ಕಿಂತ ಹೆಚ್ಚು ಭಯವಾಗಿತ್ತು. ಪ್ಲಾಟ್‌ಫಾರ್ಮಿನಲ್ಲಿ ಸಾಲಾಗಿ ಇಟ್ಟಿದ್ದ ಹಾಲಿನ ಕ್ಯಾನುಗಳ ಹಿಂದೆ ಕುಕ್ಕರುಗಾಲಲ್ಲಿ ಕೂತಳು.

ರೈಲು ಬಂತು. ಮೊದಲು ಇಳಿದವನು ಕ್ಯಾಪ್ಟನ್ ಗಸ್. ಊರಿಗೆಲ್ಲ ಕ್ಷೌರ ಮಾಡುವವನು ಅವನೇ. ಹ್ಯಾಟಿನ ಕೆಳಗೆ ತಲೆ ಸುತ್ತ ಬ್ಯಾಂಡೇಜು. ಅವನ ಹಿಂದೆ ಕುಂಟುತ್ತ ಒಬ್ಬ, ತುಟಿ ಊದಿದವನು ಇನ್ನೊಬ್ಬ. ಆಮೇಲೆ ಇರ್ಮಾಳ ಅಪ್ಪ, ಬಲಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡು.

ಬ್ಯಾಂಡು ಭೋರ್ಗರೆಯಿತು. ಗಸ್ ಗಾಬರಿಯಿಂದ ಹ್ಯಾಟ್ ತೆಗೆದು ಎದೆಗೊತ್ತಿಕೊಂಡ.

“ಯಾರು ತೀರಿಕೊಂಡ್ರು?”

“ಅಯ್ಯೋ, ಗೆಲುವಿಗೆ ಕಣಯ್ಯಾ!” ಎಂದರು ಬೇಕರಿಯವರು.

“ಯಾರ ಗೆಲುವಿಗೆ? ನಾವು ಮೂವತ್ತೆಂಟು–ಸೊನ್ನೆ ಸೋತು ಬಂದಿದ್ದೀವಿ.”

ಬ್ಯಾಂಡಿನ ವಾದ್ಯಗಳು ಒಂದೊಂದಾಗಿ ನಿಂತವು. ಎಲ್ಲಕ್ಕಿಂತ ಕೊನೆಗೆ ನಿಂತದ್ದು ಓರ್ವಿಲ್‌ನ ಅಪ್ಪನ ಕಹಳೆ. ಅದು ‘ಭೋಂ’ ಎಂದು ಒಂದು ಸಲ ಗೊಣಗಿ ಸುಮ್ಮನಾಯಿತು.

“ಟೆಲಿಗ್ರಾಂ ಬಂತಂತಲ್ಲ!” ಎಂದರು ಯಾರೋ. “ಮಾಟೂಷ್ ಟಚ್‌ಡೌನ್ ಮಾಡಿದ್ನಂತಲ್ಲ!”

“ನಮ್ಮ ಮಾಟೂಷಾ?” ಗಸ್ ಕಣ್ಣು ಕಣ್ಣು ಬಿಟ್ಟ. “ಹಾಗಂತ ಹೇಳಿದವರು ಯಾರ್ರಿ?”

ಓರ್ವಿಲ್‌ನ ಬೆರಳು ಮೇಲೇಳುವ ಮೊದಲೇ ಇರ್ಮಾ ಎದ್ದು ನಿಂತಳು. ಒಂದು ಕ್ಯಾನು ಉರುಳಿ ದಡಬಡ ಸದ್ದು ಮಾಡಿತು.

“ನಾನು. ಟೆಲಿಗ್ರಾಂ ಬಂದಿರಲಿಲ್ಲ. ನಾನೇ ಹೇಳಿದ್ದು.”

ಎಲ್ಲರೂ ಅವಳನ್ನು ನೋಡಿದರು. ಆಮೇಲೆ ಗಸ್ ಕೇಕನ್ನು ನೋಡಿದ. “ಮೂವತ್ತೆಂಟು ಅಂತ ತಿದ್ದೋಣ ಅಂದ್ರೆ ಜಾಗ ಸಾಲಲ್ಲ. ಹಿಂಗೇ ತಿಂದುಬಿಡೋಣ” ಎಂದ. ಪ್ಲಾಟ್‌ಫಾರ್ಮ್ ತುಂಬ ನಗು ಉಕ್ಕಿತು. ಬೈಗುಳಕ್ಕೆ ಸಿದ್ಧಳಾಗಿದ್ದ ಇರ್ಮಾಗೂ ಒಂದು ಕ್ಷಣ ಉಸಿರು ಬಂತು.

ಆದರೆ ಅಪ್ಪ ನಗಲಿಲ್ಲ. ಯಾವುದಕ್ಕೂ ಮೊದಲು ನಗುವ ಅಪ್ಪ, ಅವಳ ಸ್ಕೂಲ್ ಬ್ಯಾಗನ್ನು ಎಡಗೈಯಲ್ಲಿ ಎತ್ತಿಕೊಂಡು ಮನೆಯ ಕಡೆ ನಡೆದ. ಕೇಕಿನ ಚೂರನ್ನೂ ಮುಟ್ಟಲಿಲ್ಲ.

ಮನೆಯಲ್ಲಿ ಅಮ್ಮ ಬಿಸಿನೀರಿಗೆ ಉಪ್ಪು ಹಾಕಿ, ಅಪ್ಪನ ಊದಿದ ಕೈಯನ್ನು ಅದರಲ್ಲಿ ಅದ್ದಿಸಿದಳು. ಎಲೆಕೋಸು ಹಾಕಿದ ಹಿಟ್ಟಿನ ಉಂಡೆ, ಹಾಲುಶ್ಕಿ, ತಟ್ಟೆಯಲ್ಲಿ ಆರುತ್ತಿತ್ತು.

“ಪಕ್ಕದ ಮನೆಯವಳು ಬಂದು ‘ನಿಮ್ಮನೆಗೆ ಟೆಲಿಗ್ರಾಂ ಬಂತಂತೆ’ ಅಂದ್ಳು” ಎಂದಳು ಅಮ್ಮ. ಇರ್ಮಾಳ ಕಡೆ ತಿರುಗಲಿಲ್ಲ. “ಮುಂದಿನ ಮಾತು ಕೇಳೋಕೆ ನಾನು ನಿಲ್ಲಲಿಲ್ಲ. ಯಾರಾದ್ರೂ ಸತ್ತಾಗ, ಏಟು ಬಿದ್ದಾಗ ತಾನೇ ನಮ್ಮಂಥವರಿಗೆ ಟೆಲಿಗ್ರಾಂ ಬರೋದು? ನಿಮ್ಮಪ್ಪನಿಗೇ ಏನೋ ಆಯ್ತು ಅಂದ್ಕೊಂಡೆ. ಕೈಯಲ್ಲಿ ಹಿಟ್ಟು, ಒಂದೇ ಕಾಲಲ್ಲಿ ಶೂ. ಹಂಗೇ ಸ್ಟೇಷನ್‌ವರೆಗೂ ಓಡಿದೆ. ಅಲ್ಲಿ ತಂತಿ ನೋಡ್ಕೊಳ್ಳೋರು ಯಾವ ಟೆಲಿಗ್ರಾಮೂ ಬಂದಿಲ್ಲಮ್ಮ ಅಂದ್ರು.”

ಇರ್ಮಾಳ ತಲೆಗೆ ಅದು ಹೊಳೆದೇ ಇರಲಿಲ್ಲ.

“ಎಲ್ಲರೂ ನಿನ್ನನ್ನ ನೋಡಿ ನಗ್ತಾರಪ್ಪಾ” ಎಂದಳು.

“ನಗ್ಲಿ. ನಾನೇ ಅಲ್ವಾ ನಗಿಸೋದು?” ಅಪ್ಪ ನೀರಿನಲ್ಲಿ ಬೆರಳು ಮಡಚಿ, ಹಲ್ಲು ಕಚ್ಚಿದ. “ಮೂವತ್ತೆಂಟು–ಸೊನ್ನೆ ಸೋತಿದ್ದಕ್ಕೆ ರೈಲಿನಲ್ಲಿ ನಾಲ್ಕು ಜೋಕ್ ಕಟ್ಟಿಟ್ಟಿದ್ದೆ. ಚೆನ್ನಾಗಿದ್ವು. ನಾನು ಮಾಡದೇ ಇರೋ ಟಚ್‌ಡೌನ್‌ಗೆ ಏನಂತ ಜೋಕ್ ಮಾಡ್ಲಿ, ಹೇಳು? ಸಾಲಿನ ಮಧ್ಯ ನಿಲ್ಲೋನು ನಾನು. ಹತ್ತು ವರ್ಷದಲ್ಲಿ ಒಂದು ಸಲಾನೂ ಬಾಲ್ ಹಿಡ್ಕೊಂಡು ಓಡಿಲ್ಲ.”

“ಮತ್ತೆ ಅಲ್ಲಿ ಏನ್ಮಾಡ್ತೀಯಪ್ಪಾ?”

ಅಪ್ಪ ಅವಳನ್ನೇ ನೋಡಿದ. “ಇಷ್ಟು ಆಟ ನೋಡಿದ್ದೀಯ, ಗೊತ್ತಿಲ್ವಾ?”

“ನಾನು ಬಾಲ್ ನೋಡ್ತಿರ್ತೀನಿ.”

“ಹೂಂ” ಎಂದ ಅಪ್ಪ. “ಎಲ್ಲರೂ ಅದನ್ನೇ ನೋಡೋದು.”

ಮರುದಿನ ಮಂಗಳವಾರ. ಸುದ್ದಿ ಹೇಳುವ ದಿನವಲ್ಲ. ಆದರೂ ಇರ್ಮಾ ಎದ್ದು ನಿಂತು, “ಮೂವತ್ತೆಂಟು–ಸೊನ್ನೆ. ಸೋತ್ವಿ. ನಿನ್ನೆ ಹೇಳಿದ್ದು ಸುಳ್ಳು, ಮಿಸ್” ಎಂದು ಒಂದೇ ಉಸಿರಿಗೆ ಹೇಳಿ ಕೂತಳು. “ಇವತ್ತು ಟೆಲಿಗ್ರಾಂ ಬರಲಿಲ್ವಾ?” ಎಂದ ಓರ್ವಿಲ್. ಆ ವಾರವೆಲ್ಲ ಅವಳ ಹೆಸರು ಟೆಲಿಗ್ರಾಂ ಎಂದೇ ಆಗಿಹೋಯಿತು. ಗಸ್‌ನ ಅಂಗಡಿ ದಾಟುವಾಗ ಅವನೂ ಕತ್ತರಿ ಆಡಿಸುತ್ತ, “ಏನಮ್ಮಾ, ಈ ಭಾನುವಾರ ನಾವು ಎಷ್ಟಕ್ಕೆ ಗೆಲ್ತೀವಿ? ಮೊದಲೇ ಹೇಳಿಬಿಟ್ರೆ ಆಡೋ ಕಷ್ಟ ತಪ್ಪುತ್ತೆ” ಎಂದ.

ಭಾನುವಾರ ಸೀಸನ್ನಿನ ಕೊನೆಯ ಆಟ, ಬ್ರೆಂಟ್‌ವೆಲ್ಲಿನಲ್ಲೇ. ಇಟ್ಟಿಗೆ ಕಾರ್ಖಾನೆಯ ಹಿಂದಿನ ಮೈದಾನ ಕರಗಿದ ಹಿಮದಿಂದ ಕೆಸರಾಗಿತ್ತು. ಜನರನ್ನು ತಡೆಯಲು ಸುತ್ತ ಒಂದು ಹಗ್ಗ ಕಟ್ಟಿದ್ದರು, ಅಷ್ಟೇ. ಇರ್ಮಾ ಹಗ್ಗಕ್ಕೆ ಆತುಕೊಂಡು ನಿಂತಳು. ಇವತ್ತು ಚೆಂಡು ನೋಡುವುದಿಲ್ಲ, ಅಪ್ಪನನ್ನೇ ನೋಡುವುದು ಎಂದು ನಿಶ್ಚಯಿಸಿದ್ದಳು.

ಅದೇನು ಸುಲಭವಲ್ಲ. ಚೆಂಡು ಎತ್ತ ಹೋದರೆ ಕಣ್ಣೂ ಅತ್ತ ಜಾರುತ್ತಿತ್ತು. ಪ್ರತಿ ಸಲ ಎಳೆದು ತಂದು ಅಪ್ಪನ ಮೇಲೆ ಇಡಬೇಕಿತ್ತು.

ಅಪ್ಪನ ಎದುರಿಗೆ ನಿಂತವನು ಬೀರುವಿನಂಥ ಆಳು. ಸೀಟಿ ಊದಿದೊಡನೆ ಇಬ್ಬರೂ ಗೂಳಿಗಳ ಹಾಗೆ ಡಿಕ್ಕಿ ಹೊಡೆದು, ಕೆಸರಿಗೆ ಬೀಳುತ್ತಿದ್ದರು. ಅಪ್ಪ ತಳ್ಳಿ ಹಿಡಿದ ಒಂದೆರಡು ಕ್ಷಣ ಅವನ ಪಕ್ಕದಲ್ಲಿ ಸಣ್ಣದೊಂದು ದಾರಿ ತೆರೆಯುತ್ತಿತ್ತು, ಗಸ್ ಅದರಲ್ಲಿ ನುಸುಳಿ ಓಡುತ್ತಿದ್ದ. ಜನ “ಗಸ್! ಗಸ್!” ಎಂದು ಕೂಗುವಾಗ ಅಪ್ಪ ನೆಲದ ಮೇಲಿರುತ್ತಿದ್ದ. ಆಮೇಲೆ ಬೀರುವಿಗೆ ಕೈ ಕೊಟ್ಟು ಎಬ್ಬಿಸಿ ಏನೋ ಹೇಳುತ್ತಿದ್ದ. ಬೀರು ಗಹಗಹಿಸಿ ನಗುತ್ತಿತ್ತು. ಅಯ್ಯೋ, ಅಲ್ಲೂ ಜೋಕು! ತನಗೇ ಗೊತ್ತಿಲ್ಲದಂತೆ ಇರ್ಮಾಳೂ ನಕ್ಕಳು. ಆಟ ಸಾಗಿದಂತೆ ಅಪ್ಪನ ಎದುರಿಗೇ ಇರಲೆಂದು ಹಗ್ಗದ ಉದ್ದಕ್ಕೂ ಅತ್ತಿತ್ತ ಓಡಿದಳು. ಒಮ್ಮೆ ಅಪ್ಪನೂ ಅವಳನ್ನು ಕಂಡು ಹುಬ್ಬು ಹಾರಿಸಿದ.

ಆಟ ಮುಗಿಯಲು ಒಂದೇ ನಿಮಿಷ. ಇಪ್ಪತ್ತೇಳು–ಸೊನ್ನೆ. ಹೇಗೋ ತಳ್ಳಾಡಿ ಬ್ರಿಕ್ಸ್ ಎದುರಾಳಿಯ ಕಂಬಗಳ ಹತ್ತಿರ ಬಂದಿತ್ತು. ಚೆಂಡನ್ನು ಆ ಎರಡು ಕಂಬಗಳ ನಡುವೆ ಒದ್ದರೆ ಮೂರು ಪಾಯಿಂಟ್. ಒದೆಯುವವನು ಗಸ್. ಈ ಸೀಸನ್ನಿನಲ್ಲಿ ಅವನು ಒದ್ದ ಒಂದು ಚೆಂಡು ಕಾರ್ಖಾನೆಯ ಕಿಟಕಿ ಒಡೆದಿತ್ತು, ಇನ್ನೊಂದು ಪಾದ್ರಿಗಳ ಹ್ಯಾಟಿಗೆ ಬಡಿದಿತ್ತು.

ಸೀಟಿ ಕೇಳಿಸಿತು. ಈ ಸಲ ಬೀರುವಿನ ಜೊತೆ ಇನ್ನೊಬ್ಬನೂ ಅಪ್ಪನ ಮೇಲೆ ನುಗ್ಗಿದ. ಅಪ್ಪ ಇಬ್ಬರನ್ನೂ ಬಿಡಲಿಲ್ಲ. ಮೂವರೂ ಒಂದೇ ರಾಶಿಯಾಗಿ ಬಿದ್ದರು, ಎಲ್ಲಕ್ಕಿಂತ ಕೆಳಗೆ ಅಪ್ಪ, ಮುಖ ಕೆಸರಿನೊಳಗೆ. ಇರ್ಮಾ ಆಗ ಮಾತ್ರ ಕಣ್ಣೆತ್ತಿದಳು. ಚೆಂಡು ಗಾಳಿಯಲ್ಲಿ ಓಲಾಡುತ್ತ, ಎಡಗಂಬಕ್ಕೆ ತಗುಲಿಯೇಬಿಟ್ಟಿತು ಎನ್ನುವಷ್ಟು ಹತ್ತಿರದಿಂದ ಒಳಗೆ ದಾಟಿತು.

ಯಾರೂ ಕೂಗಲಿಲ್ಲ. ಪಾಯಿಂಟ್ ಬಂದರೆ ಏನು ಮಾಡಬೇಕೆಂಬುದೇ ಬ್ರೆಂಟ್‌ವೆಲ್ಲಿನವರಿಗೆ ಮರೆತುಹೋಗಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

ರಾಶಿಯ ಅಡಿಯಿಂದ ಅಪ್ಪನ ತಲೆ ಹೊರಬಂತು. ಕಣ್ಣ ತುಂಬ ಮಣ್ಣು. ಹಗ್ಗವಿದ್ದ ಕಡೆಗೆ ಅಂದಾಜಿನಲ್ಲಿ ಮುಖ ತಿರುಗಿಸಿ ಕೂಗಿದ.

“ಇರ್ಮಾ! ಹೋಯ್ತಾ?”

“ಹೋಯ್ತಪ್ಪಾ!” ಎಂದಳು ಇರ್ಮಾ. “ಓರೆಯಾಗೇ ಹೋಯ್ತು, ಆದ್ರೆ ಹೋಯ್ತು!”

ಅಪ್ಪ ಎರಡೂ ಕೈ ಚಾಚಿ ಕೆಸರಿನಲ್ಲಿ ಅಂಗಾತ ಮಲಗಿ, ಹೊಟ್ಟೆ ಕುಣಿಯುವಂತೆ ನಗತೊಡಗಿದ. ಅಷ್ಟು ಹೊತ್ತಿಗೆ ಇರ್ಮಾಳ ಬೆನ್ನ ಹಿಂದೆ ಇಡೀ ಊರು ಹೋ ಎಂದು ಕಿರುಚಿತು. ಹ್ಯಾಟುಗಳು ಹಾರಿದವು. ಓರ್ವಿಲ್ ಅವಳ ಭುಜ ಹಿಡಿದು ಕುಲುಕುತ್ತಿದ್ದ.

ಇರ್ಮಾ ಕದಲಲಿಲ್ಲ. ಅಪ್ಪ ಕಣ್ಣಿನ ಮಣ್ಣನ್ನು ಇನ್ನೂ ಒರೆಸಿಕೊಂಡಿರಲಿಲ್ಲ. ಕಂಬಗಳ ಕಡೆ ತಿರುಗಿರಲಿಲ್ಲ, ನಿಜವಾ ಎಂದು ಬೇರೆ ಯಾರನ್ನೂ ಕೇಳಿರಲೂ ಇಲ್ಲ.