ಒಡೆಟ್ ಗೆದ್ದ ಪಂದ್ಯ

"ಅದನ್ನ ಇಲ್ಲಿಂದ ತಗೊಂಡು ಹೋಗಿ!"

ಒಡೆಟ್ ಇನ್ನೂ ಕೈಗವಸು ಕೂಡ ಬಿಚ್ಚಿರಲಿಲ್ಲ. ಮಹಡಿ ಹತ್ತಿ ಬಂದ ಏದುಸಿರು ಹಾಗೇ ಇತ್ತು. ವಾಚಿನ ಕಾರ್ಖಾನೆಯ ಉದ್ದನೆಯ ಕಿಟಕಿಗಳ ಕೆಳಗೆ ಸಾಲಾಗಿ ಕೂತಿದ್ದ ಕೆಲಸಗಾರರೆಲ್ಲ ಕಣ್ಣಿನ ಭೂತಗನ್ನಡಿ ತೆಗೆದು ಅವಳತ್ತ ತಿರುಗಿದರು.

ಕೂಗಿದವನು ಬ್ಲೇಸ್. ಕೀ ಕೊಡುವ ವಾಚಿನ ಓಟ ತಿದ್ದುವುದರಲ್ಲಿ ವಾಚಿನ ಕೆಲಸಕ್ಕೆ ಹೆಸರಾದ ಇಡೀ ಶೋ-ದ-ಫೋಂ ಬೆಟ್ಟದೂರಿನಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಅವಳಿಗೆ ಹೇಳಿದ್ದರು. ಅವನಿಗೆ ಇಷ್ಟು ಕೋಪ ಇದೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ!

"ಇದೂ ವಾಚೇ," ಎಂದಳು ಒಡೆಟ್, ಅಂಗೈ ಮೇಲಿನ ಕ್ವಾರ್ಟ್ಜ್ ವಾಚನ್ನು ಮುಂದೆ ಚಾಚಿ. ಅವಳು ಅದೇ ಕಂಪನಿಯ ಹೊಸ ವಿಭಾಗದವಳು. ಬೆಟ್ಟದ ಕೆಳಗೆ, ನ್ಯೂಶಾಟೆಲ್ ಸರೋವರದ ದಂಡೆಯಲ್ಲಿ ಆ ವಾಚುಗಳನ್ನು ಪರೀಕ್ಷಿಸುವುದು ಅವಳ ಕೆಲಸ.

"ವಾಚಾ? ಒಂದು ಬ್ಯಾಟರಿ, ಒಂದು ಚೂರು ಕಲ್ಲು. ಟಾರ್ಚಿಗೆ ಮುಳ್ಳು ಸಿಕ್ಕಿಸಿದ ಹಾಗಿದೆ!"

ಎಲ್ಲರೂ ಗೊಳ್ಳನೆ ನಕ್ಕರು. ಒಡೆಟ್‌ಳ ಕಿವಿ ಕೆಂಪಾಯಿತು.

"ಆ ಚೂರು ಕಲ್ಲು ಒಂದು ಸೆಕೆಂಡಿಗೆ ಮೂವತ್ತೆರಡು ಸಾವಿರ ಸಲ ಕಂಪಿಸುತ್ತೆ. ನಿಮ್ಮ ಚಕ್ರ ಎಷ್ಟು ಸಲ ಆಡುತ್ತೆ?"

"ಎಂಟು ಸಲ. ಆದ್ರೆ ಅದನ್ನ ಆಡಿಸೋನು ನಾನು."

"ಹಾಗಾದ್ರೆ ಪಂದ್ಯ ಕಟ್ಟಿ! ನಿಮ್ಮದೂ ನನ್ನದೂ ಪಕ್ಕಪಕ್ಕ ಇಡೋಣ. ಕ್ರಿಸ್‌ಮಸ್ ಹೊತ್ತಿಗೆ ಯಾವುದು ಸರಿಯಾಗಿ ಓಡುತ್ತೋ ನೋಡೋಣ."

ಮೂಲೆಯ ಮೇಜಿನಿಂದ ಒಬ್ಬ ಮುದುಕರು ತಲೆ ಎತ್ತಿದರು. ಬ್ಲೇಸ್‌ನ ಅಪ್ಪ, ಅರ್ಮಾನ್.

"ಕಟ್ಟೋ ಮಗನೇ. ಹುಡುಗಿ ಕೇಳ್ತಿದ್ದಾಳಲ್ಲ! ಸೋತವರು ಗೆದ್ದವರಿಗೆ ಊಟ ಹಾಕ್ಬೇಕು."

ಸಾವಿರದ ಒಂಬೈನೂರ ಎಪ್ಪತ್ತೈದರ ಆ ಶರತ್ಕಾಲದಲ್ಲಿ ಹೀಗೆ ಶುರುವಾಯಿತು...

ಪ್ರತಿ ಶನಿವಾರ ಒಡೆಟ್ ರೈಲು ಹತ್ತಿ ಮೇಲೆ ಬರುತ್ತಿದ್ದಳು. ಮಧ್ಯಾಹ್ನ ರೇಡಿಯೋದಲ್ಲಿ ಸರಿಯಾದ ಸಮಯ ಸಾರುವ ವೇಧಶಾಲೆಯ ಸದ್ದು ಕೇಳುವಾಗ ಇಬ್ಬರೂ ಉಸಿರು ಬಿಗಿಹಿಡಿದು ಎರಡು ವಾಚುಗಳ ಮೇಲೆ ಬಗ್ಗುತ್ತಿದ್ದರು. ಇಬ್ಬರ ತಲೆಗಳೂ ತಗುಲುತ್ತಿದ್ದವು. ಮೊದಮೊದಲು 'ಕ್ಷಮಿಸಿ' ಎನ್ನುತ್ತಿದ್ದರು. ಆಮೇಲೆ ಅನ್ನಲಿಲ್ಲ.

"ನಿನಗ್ಯಾಕೆ ಆ ಕಲ್ಲಿನ ಮೇಲೆ ಅಷ್ಟು ಮೋಹ?" ಎಂದು ಒಂದು ದಿನ ಬಿಸಿ ಚಾಕೊಲೇಟು ಕುಡಿಯುತ್ತ ಬ್ಲೇಸ್ ಕೇಳಿದ.

"ನಮ್ಮಮ್ಮ ನರ್ಸು. ಬೆಟ್ಟದ ಮೇಲಿನ ಹೊಲಮನೆಗಳಿಗೆ ನಡ್ಕೊಂಡು ಹೋಗಿ ಹೆರಿಗೆ ಮಾಡಿಸೋಳು. ಅವಳ ಹತ್ರ ಇದ್ದ ವಾಚು ಎಷ್ಟು ಹಳೇದು ಅಂದ್ರೆ, ನಾಡಿ ಎಣಿಸೋವಾಗ ಅಲ್ಲಾಡಿಸಿ ಅಲ್ಲಾಡಿಸಿ ಓಡಿಸೋಳು. ನೀವು ತಿದ್ದಿದ ವಾಚು ಬ್ಯಾಂಕಿನ ಯಜಮಾನರ ಕೈಗೆ ಹೋಗುತ್ತೆ ಬ್ಲೇಸ್. ಇದು ಒಂದಲ್ಲ ಒಂದಿನ ಎಲ್ಲರ ಕೈಗೂ ಬರುತ್ತೆ. ಹಾಲು ಕರೆಯೋನಿಗೂ, ನರ್ಸಿಗೂ... ಸರಿಯಾದ ಟೈಮು ಎಲ್ಲರಿಗೂ ಒಂದೇ!"

ಬ್ಲೇಸ್ ಅವಳ ಮುಖವನ್ನೇ ನೋಡುತ್ತಿದ್ದ. ಕಪ್ಪಿನಲ್ಲಿ ಚಾಕೊಲೇಟು ಆರಿಹೋಯಿತು.

'ಈತ ನನ್ನ ಮಾತು ಕೇಳ್ತಿದ್ದಾನಾ, ಇಲ್ಲಾ ನನ್ನನ್ನೇ ನೋಡ್ತಿದ್ದಾನಾ?' ಒಡೆಟ್ ತನ್ನ ಕಪ್ಪಿನತ್ತ ಕಣ್ಣು ತಿರುಗಿಸಿದಳು.

ಕ್ರಿಸ್‌ಮಸ್ ಹತ್ತಿರ ಬಂತು. ಕ್ವಾರ್ಟ್ಜ್ ಕೆಲವೇ ಸೆಕೆಂಡು ತಪ್ಪಿತ್ತು. ಬ್ಲೇಸ್ ಪ್ರಾಣವಿಟ್ಟು ತಿದ್ದಿದ ವಾಚು ಒಂದು ನಿಮಿಷದ ಹತ್ತಿರ ಹಿಂದೆ ಬಿದ್ದಿತ್ತು.

"ಸೋತೆ!" ಎಂದು ಅವನು ಎರಡೂ ಕೈ ಎತ್ತಿ ನಕ್ಕುಬಿಟ್ಟ.

ಅಂದು ಅಪ್ಪ ಮಗ ಇಬ್ಬರೇ ಇದ್ದ ಮನೆಯಲ್ಲಿ ಮೂವರು ಕರಗಿದ ಚೀಸಿನ ಪಾತ್ರೆಯ ಸುತ್ತ ಕೂತರು. ಒಡೆಟ್ ಅದ್ದುತ್ತಿದ್ದ ರೊಟ್ಟಿಯ ತುಂಡು ಮುಳ್ಳುಚಮಚದಿಂದ ಜಾರಿ ಚೀಸಿನೊಳಗೆ ಬಿತ್ತು.

"ಬಿತ್ತು, ಬಿತ್ತು!" ಅರ್ಮಾನ್ ಮೇಜು ಕುಟ್ಟಿದರು. "ಹೆಣ್ಣುಮಕ್ಕಳು ರೊಟ್ಟಿ ಬೀಳಿಸಿದ್ರೆ ಪಕ್ಕದವನಿಗೆ ಮುತ್ತು ಕೊಡ್ಬೇಕು. ನಾನಂತೂ ಪಕ್ಕದಲ್ಲಿಲ್ಲಮ್ಮ, ಎದುರಿಗಿದ್ದೀನಿ!"

ಅವಳು ನಾಚುತ್ತ ಬ್ಲೇಸ್‌ನ ಕೆನ್ನೆಗೆ ತುಟಿ ಒತ್ತಿದಳು. ರೊಟ್ಟಿ ತಾನಾಗಿ ಬಿತ್ತೋ, ಅವಳೇ ಬೀಳಿಸಿದಳೋ... ಅವಳಿಗೇ ಗೊತ್ತು!

ಆ ಸಂತೋಷವೇ ಅವಳ ಬಾಯಿ ಬಿಡಿಸಿತು.

ಸೋಮವಾರ ಕೆಳಗೆ ತನ್ನ ವಿಭಾಗದ ಕಾರಿಡಾರಿನಲ್ಲಿ ಕಂಪನಿಯ ಡೈರೆಕ್ಟರ್ ಗ್ರೋಜಾನ್ ಸಿಕ್ಕರು. "ಏನಮ್ಮ, ಮೇಲೆ ಬೆಟ್ಟದಲ್ಲಿ ಪಂದ್ಯ ಅಂತೆ?"

"ಗೆದ್ದೆ ಸಾರ್!" ಒಡೆಟ್ ಹೆಮ್ಮೆಯಿಂದ ಉಬ್ಬಿದಳು. "ಬ್ಲೇಸ್ ತಿದ್ದಿದ ವಾಚೇ ಹತ್ತಿರ ಬರಲಿಲ್ಲ ಅಂದ್ರೆ, ಇನ್ಯಾರದೂ ಬರಲ್ಲ!"

ಗ್ರೋಜಾನ್ ನಕ್ಕು ಮುಂದೆ ಹೋದರು. ಅವಳು ಅದನ್ನು ಮರೆತೇಬಿಟ್ಟಳು.

ಹೊಸ ವರ್ಷ ಬಂದ ಮೇಲೆ ಎರಡೂ ವಿಭಾಗದವರನ್ನು ಬೆಟ್ಟದ ಮೇಲಿನ ಕಾರ್ಖಾನೆಗೆ ಕರೆಸಿದರು. ಗ್ರೋಜಾನ್ ಸುತ್ತಿಬಳಸಲಿಲ್ಲ. ಜಪಾನಿನವರು ಕ್ವಾರ್ಟ್ಜ್ ವಾಚನ್ನು ನಮಗಿಂತ ಮೊದಲೇ ಅಂಗಡಿಗೆ ತಂದರು, ಬೆಲೆ ವರ್ಷವರ್ಷ ಇಳಿಯುತ್ತಿದೆ, ಕೀ ಕೊಡುವ ವಾಚಿಗೆ ಗಿರಾಕಿಯಿಲ್ಲ. ಈ ಕೋಣೆ ಮುಚ್ಚುತ್ತದೆ.

"ಸುಳ್ಳು! ನಮ್ಮ ಕೆಲಸಕ್ಕೆ ಬೆಲೆ ಇದೆ!" ಯಾರೋ ಅರಚಿದರು.

"ನಿಮ್ಮ ಬ್ಲೇಸ್‌ನನ್ನೇ ಕೇಳಿ. ಅವನೇ ಸೋತಿದ್ದಾನೆ. ಒಡೆಟ್ ತಾನೇ ಬಂದು ನನಗೆ ಹೇಳಿದಳು. ಅಲ್ವೇನಮ್ಮ?"

ಎಲ್ಲ ಕಣ್ಣುಗಳೂ ಅವಳ ಮೇಲೆ... ಅರ್ಮಾನ್‌ರ ಕಣ್ಣುಗಳೂ! ಹೌದು, ಹೇಳಿದ್ದಳಲ್ಲ! ನಗುನಗುತ್ತ, ಜಂಭದಿಂದ ಹೇಳಿದ್ದಳಲ್ಲ!

ಒಡೆಟ್ ತಲೆ ತಗ್ಗಿಸಿದಳು. ಬ್ಲೇಸ್ ಒಮ್ಮೆ ಅವಳನ್ನು ನೋಡಿ, ಮುಖ ತಿರುಗಿಸಿಕೊಂಡ.

ಮುಂದಿನ ವಾರಗಳಲ್ಲಿ ಒಡೆಟ್ ಸರಿಯಾಗಿ ಉಣ್ಣಲಿಲ್ಲ. ಕೆಲಸದಲ್ಲಿ ಪ್ರತಿ ವಾಚನ್ನು ಮುಟ್ಟುವಾಗಲೂ ಆ ಕಿಟಕಿಗಳ ಕೆಳಗಿನ ಒಂದೊಂದು ಮುಖ ನೆನಪಾಗುತ್ತಿತ್ತು. 'ನಾನು ಬಾಯಿ ಮುಚ್ಕೊಂಡಿದ್ರೆ...' ಒಮ್ಮೆ ಧೈರ್ಯ ಮಾಡಿ ಮೇಲೆ ಹೋದಾಗ ಬೇಕರಿಯ ಹೆಂಗಸು, "ನಿನಗೆ ಕೊಡೋಕೆ ಬ್ರೆಡ್ ಇಲ್ಲ. ನನ್ನ ಗಂಡ ಕೆಲಸ ಕಳ್ಕೊಂಡು ಮನೇಲಿ ಕೂತಿದ್ದಾನೆ," ಎಂದಳು. ಕಪಾಟಿನ ತುಂಬ ಬ್ರೆಡ್ ಇತ್ತು. ಒಡೆಟ್ ಹೊರಗೆ ಬಂದಳು. ಆ ಶಿಕ್ಷೆ ತನಗೆ ಸಲ್ಲಬೇಕಾದ್ದೇ ಅನಿಸಿತು.

ಬ್ಲೇಸ್‌ನ ಬಾಗಿಲು ತಟ್ಟುವ ಧೈರ್ಯ ಮಾತ್ರ ಬರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ, ಕಾರ್ಖಾನೆಯ ಸಾಮಾನೆಲ್ಲ ಗುಜರಿಗೆ ಹೋಗುತ್ತಿದೆ ಎಂದು ಸುದ್ದಿ ಬಂತು. ಒಡೆಟ್ ರೈಲು ಹಿಡಿದು ಮೇಲೆ ಓಡಿಬಂದಳು. ಕಿಟಕಿಯಿಂದ ಲೇತುಗಳನ್ನು ಕೆಳಗೆ ಲಾರಿಗೆ ಎಸೆಯುತ್ತಿದ್ದರು. ಧಡಾರ್! ಧಡಾರ್! ಹಿಮದ ಮೇಲೆ ಎಣ್ಣೆ ಚೆಲ್ಲಿತ್ತು. ಗೋಡೆಗೆ ಒರಗಿಸಿದ್ದ ಒಂದು ಹಳೆಯ ಮರದ ಮೇಜು ಕಂಡು ಅವಳ ಕಾಲು ನಿಂತಿತು. ಅಂಚು ಮೊಣಕೈ ತಾಗಿ ತಾಗಿ ಸವೆದು ಗುಳಿಬಿದ್ದಿತ್ತು.

ಅರ್ಮಾನ್‌ರ ಮೇಜು!

"ಇದನ್ನ ನನಗೆ ಕೊಡಿ."

"ಬರೀ ಮರ ಅದು. ಎಳೆಯೋಕಾದ್ರೆ ತಗೊಂಡು ಹೋಗು," ಎಂದ ಗುಜರಿಯವನು.

ಸೌದೆ ಸಾಗಿಸುವ ಜಾರುಬಂಡಿಯೊಂದನ್ನು ಬೇಡಿ ತಂದು, ಮೇಜನ್ನು ಕಟ್ಟಿ, ಏರು ಬೀದಿಯಲ್ಲಿ ಎಳೆಯತೊಡಗಿದಳು. ಹಗ್ಗ ಅಂಗೈ ಕೊರೆಯಿತು. ಕೆಫೆಯ ಬಾಗಿಲಲ್ಲಿ ನಿಂತಿದ್ದವರಲ್ಲೊಬ್ಬ ಕೂಗಿದ.

"ನೋಡ್ರೋ! ಕೊಂದವಳೇ ಹೆಣ ಹೊರ್ತಿದ್ದಾಳೆ!"

ಯಾರೂ ಕೈ ಕೊಡಲಿಲ್ಲ. ಅವಳೂ ಕೇಳಲಿಲ್ಲ.

ಬಾಗಿಲು ತೆರೆದವನು ಬ್ಲೇಸ್. ಗಡ್ಡ ಬೆಳೆದಿತ್ತು. ಮೊದಲು ಮೇಜು ನೋಡಿದ, ಆಮೇಲೆ ಅವಳ ಅಂಗೈಯ ರಕ್ತ.

"ಒಡೆಟ್... ಇದೆಲ್ಲ ಯಾಕೆ?"

"ನಿನಗಲ್ಲ. ನಿಮ್ಮಪ್ಪನಿಗೆ. ಕೊಟ್ಟು ಹೋಗ್ತೀನಿ."

"ಯಾರೋ ಅದು? ಚಳೀಲಿ ನಿಲ್ಲಿಸ್ಬೇಡ, ಒಳಗೆ ಕರಿ!" ಅರ್ಮಾನ್‌ರ ದನಿ.

ಮುದುಕರು ಒಲೆಯ ಪಕ್ಕ ಕೂತಿದ್ದರು. ಒಡೆಟ್ ಅವರ ಮುಂದೆ ನಿಂತಳು. ಇಷ್ಟು ದಿನ ಕಟ್ಟಿಟ್ಟ ಮಾತು ಒಂದೇ ಸಲ ಒಡೆಯಿತು.

"ಹೌದು, ನಾನೇ ಹೇಳಿದೆ. ಯಾರೂ ಬಲವಂತ ಮಾಡಲಿಲ್ಲ. ಗೆದ್ದೆ ಅಂತ ಜಂಭ ಕೊಚ್ಚಿಕೊಂಡೆ. ಅದರಿಂದ ನಿಮ್ಮ ಕೋಣೆ ಮುಚ್ಚುತ್ತೆ ಅಂತ ಗೊತ್ತಿರಲಿಲ್ಲ... ಆದ್ರೂ ಹೇಳಿದವಳು ನಾನೇ. ನನ್ನನ್ನ ಬೈದುಬಿಡಿ, ಯಜಮಾನ್ರೇ. ಸುಮ್ಮನಿರಬೇಡಿ..."

ಅರ್ಮಾನ್ ಮಾತಾಡುವ ಮೊದಲೇ ಬಾಗಿಲ ಬಳಿಯಿಂದ ಬ್ಲೇಸ್‌ನ ದನಿ ಬಂತು.

"ಅವಳಿಂದ ಮುಚ್ಚಲಿಲ್ಲ ಅಪ್ಪ."

"ಏನಂದೆ?"

"ಪಂದ್ಯ ಮುಗಿಯೋಕೆ ಮುಂಚೆನೇ ಗ್ರೋಜಾನ್ ನನ್ನ ಕರೆಸಿದ್ರು. ಕೋಣೆ ಮುಚ್ಚೋದು ತೀರ್ಮಾನ ಆಗಿದೆ, ನಿನಗೊಬ್ಬನಿಗೆ ಕೆಳಗೆ ಕ್ವಾರ್ಟ್ಜ್ ವಿಭಾಗದಲ್ಲಿ ಜಾಗ ಕೊಡ್ತೀವಿ, ಯಾರಿಗೂ ಹೇಳ್ಬೇಡ ಅಂದ್ರು. ಜಾಗ ಬೇಡ ಅಂದೆ. ಆದ್ರೆ ನಿನಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಹಬ್ಬ ಕಳೀಲಿ ಅಂದ್ಕೊಂಡೆ... ಆಮೇಲೆ ಎಲ್ಲ ಅವಳ ಮೇಲೆ ಬಿತ್ತು. ನಾನು ಸುಮ್ಮನೆ ನಿಂತುಬಿಟ್ಟೆ."

ಒಲೆಯಲ್ಲಿ ಸೌದೆ ಚಟಪಟ ಎಂದಿತು.

ಒಡೆಟ್ ಬ್ಲೇಸ್‌ನತ್ತ ತಿರುಗಿದಳು. 'ಅವನಿಗೆ ಗೊತ್ತಿತ್ತು! ಮೊದಲಿಂದಲೂ ಗೊತ್ತಿತ್ತು!'

"ನನಗೆ ಬ್ರೆಡ್ ಕೂಡ ಕೊಡಲ್ಲ ಅಂದ್ರು ಬ್ಲೇಸ್. ನಾನು ಕಣ್ಣು ಮುಚ್ಚಿದ್ರೆ ಆ ಕೋಣೆ, ಕಣ್ಣು ಬಿಟ್ಟರೆ ಆ ಕೋಣೆ. ನೀನು ಒಂದೇ ಒಂದು ಮಾತು ಹೇಳಿದ್ದಿದ್ರೆ..."

ತಿರುಗಿ ಮೆಟ್ಟಿಲಿಳಿದು ಹೋದಳು.

ಅರ್ಮಾನ್ ಮಗನನ್ನು ದಿಟ್ಟಿಸಿದರು. "ಮುಚ್ಚಿದ್ದಕ್ಕೆ ಅಳೋದು ಮುಗೀತು ನಂದು. ಇದಕ್ಕೆ ಮಾತ್ರ ನಾಚಿಕೆಯಾಗ್ತಿದೆ ಕಣೋ. ಇನ್ನೂ ಇಲ್ಲೇ ನಿಂತಿದ್ದೀಯಲ್ಲ!"

ಬ್ಲೇಸ್ ಕೋಟೂ ಹಾಕಿಕೊಳ್ಳದೆ ಓಡಿದ. ಅವಳನ್ನು ಹಿಡಿದದ್ದು ಕೆಫೆಯ ಮುಂದೆ.

"ಬಿಡು ನನ್ನ!"

"ಬಿಡ್ತೀನಿ. ಒಂದೇ ನಿಮಿಷ ಇಲ್ಲಿ ನಿಲ್ಲು. ಒಳಗೆ ಬರಬೇಡ, ಬಾಗಿಲಲ್ಲೇ ನಿಲ್ಲು."

ಅವನು ಒಳಗೆ ಹೋದ. ಕೆಲಸ ಕಳೆದುಕೊಂಡವರೆಲ್ಲ ಅಲ್ಲೇ ಕೂತಿದ್ದರು. ಅವರ ನಡುವೆ ನಿಂತು, ಅಪ್ಪನಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳಿದ. ಒಂದಕ್ಷರ ಬಿಡದೆ ಹೇಳಿದ.

ಹೆಣದ ಮಾತಾಡಿದ್ದವನೇ ಎದ್ದು ಬಂದು ಅವನ ಅಂಗಿಯ ಕೊರಳಪಟ್ಟಿ ಹಿಡಿದ. "ಗೊತ್ತಿದ್ದೂ ನಮಗೆ ಹೇಳಲಿಲ್ವಾ? ಕ್ರಿಸ್‌ಮಸ್‌ಗೆ ಹೊಸ ಸೋಫಾ ತಗೊಂಡೆನಲ್ಲೋ ನಾನು, ಪಾಪಿ!"

"ಹೊಡಿ. ಹೇಳಬೇಕಿತ್ತು, ಹೇಳಲಿಲ್ಲ. ಆ ಹುಡುಗಿಯದೇನೂ ತಪ್ಪಿಲ್ಲ."

ಅವನು ಹೊಡೆಯಲಿಲ್ಲ. ಕೊರಳಪಟ್ಟಿ ಬಿಟ್ಟು, ಬಾಗಿಲಲ್ಲಿ ನಿಂತಿದ್ದ ಒಡೆಟ್‌ಳನ್ನು ನೋಡಿ, ತಲೆಯ ಟೋಪಿ ತೆಗೆದ. ಮತ್ತೆ ತನ್ನ ಜಾಗಕ್ಕೆ ಹೋಗಿ ಕೂತ.

ಬ್ಲೇಸ್ ಹೊರಗೆ ಬಂದಾಗ ಅವನ ತುಟಿ ಚಳಿಗೆ ನೀಲಿಗಟ್ಟಿತ್ತು.

"ನಾಳೆಯಿಂದ ನನ್ನ ಜೊತೆ ಊರಲ್ಲಿ ಯಾರೂ ಮಾತಾಡಲ್ಲ," ಎಂದ.

"ತಪ್ಪಿಲ್ಲ ಅಂದೆಯಲ್ಲ, ಅದು ಸುಳ್ಳು," ಎಂದಳು ಒಡೆಟ್ ಮೆಲ್ಲಗೆ. "ನಾನು ಜಂಭ ಕೊಚ್ಚಿದ್ದು ನಿಜ. ಗ್ರೋಜಾನ್ ನನ್ನ ಮಾತನ್ನೇ ನಿಮ್ಮ ಮುಖಕ್ಕೆ ಎಸೆದರು. ಅದು ನನ್ನ ಎದೆಯಿಂದ ಹೋಗಲ್ಲ ಬ್ಲೇಸ್."

"ನನ್ನದೂ ಹೋಗಲ್ಲ. ನಿನ್ನನ್ನ ಒಂಟಿಯಾಗಿ ಬಿಟ್ಟೆನಲ್ಲ... ಕ್ಷಮಿಸು ಅಂತ ಕೇಳೋಕೂ ಬಾಯಿ ಬರ್ತಿಲ್ಲ."

"ಕೇಳು. ಆದ್ರೂ ಕೇಳು."

"ಕ್ಷಮಿಸು, ಒಡೆಟ್. ನಿನ್ನನ್ನ ಪ್ರೀತಿಸ್ತೀನಿ. ಅದನ್ನೂ ಆಗಲೇ ಹೇಳಬೇಕಿತ್ತು, ಅದನ್ನೂ ಮುಚ್ಚಿಟ್ಟೆ."

ಅವಳು ಅಳುತ್ತಲೇ ನಕ್ಕಳು. ತನ್ನ ಉಣ್ಣೆಯ ಶಾಲು ತೆಗೆದು ಅವನ ಹೆಗಲಿಗೆ ಸುತ್ತಿದಳು.

"ಇನ್ನೇನಾದ್ರೂ ಮುಚ್ಚಿಟ್ಟಿದ್ದೀಯಾ?"

"ಇದೆ, ಒಂದು..."

"ಏನು?"

"ಕಾಲು ಮರಗಟ್ಟಿ ಹೋಗಿದೆ. ಮನೆಗೆ ಹೋಗೋಣ್ವಾ?"

"ನಡಿ," ಎಂದು ಅವಳು ಅವನ ಕೈ ಹಿಡಿದಳು.