ಯಜಮಾನರ ಪ್ರತಿ

ಗೋಡೆಯ ಗೂಡಿನಲ್ಲಿದ್ದ ಪೆಟ್ಟಿಗೆ ಸಂಜೆ ಆರಕ್ಕೆ ಸರಿಯಾಗಿ ಗುಂಯ್‌ಗುಟ್ಟತೊಡಗಿತು. ಇಟ್ಟಿಗೆಯಷ್ಟು ಗಾತ್ರದ ಆ ಪೆಟ್ಟಿಗೆಗೆ ಮನೆಯ ನಾಲ್ಕೂ ಕಂಪ್ಯೂಟರುಗಳು ತಮ್ಮೊಳಗಿದ್ದುದನ್ನೆಲ್ಲ ದಿನವೂ ಒಪ್ಪಿಸುತ್ತಿದ್ದವು. ಯಂತ್ರ ಕೆಟ್ಟರೂ ಬರಹ ಉಳಿಯಲಿ ಎಂದು ಹೀಗೆ ಬ್ಯಾಕಪ್ ತೆಗೆದಿಡುವುದನ್ನು ಹಿಂದಿನವರೂ ಮಾಡುತ್ತಿದ್ದರು. ಆದರೆ 2061ರ ಈ ಪೆಟ್ಟಿಗೆಗೆ ಓದಲು ಬರುತ್ತಿತ್ತು. ಒಂದೇ ಮದುವೆಯ ವಿಡಿಯೊ ನಾಲ್ಕು ಕಡೆ ಇದ್ದರೆ ಒಂದನ್ನಿಟ್ಟುಕೊಂಡು ಮೂರನ್ನು ಅಳಿಸುತ್ತಿತ್ತು. ಅಷ್ಟೇ ಅಲ್ಲ, ಒಂದೇ ಸಂಗತಿಯನ್ನು ನಾಲ್ವರು ನಾಲ್ಕು ರೀತಿ ಬರೆದಿದ್ದರೂ ಅರ್ಥ ಹೋಲಿಸಿ ಒಂದನ್ನೇ ಉಳಿಸುತ್ತಿತ್ತು. ಬರೆದು ತಿಂಗಳಾದದ್ದಕ್ಕೆಲ್ಲ ಇದೇ ಗತಿ. ಆಮೇಲೆ ಯಾರ ಕಂಪ್ಯೂಟರಿನಲ್ಲಿ ತೆರೆದರೂ ಕಾಣುವುದು ಆ ಒಂದೇ ಪ್ರತಿ. ಜಾಗ ಉಳಿಯುತ್ತದೆ, ರಗಳೆ ತಪ್ಪುತ್ತದೆ ಎಂದು ಜನ ಮುಗಿಬಿದ್ದು ಕೊಂಡಿದ್ದರು.

ರೂಪಶ್ರೀ ಆ ಸದ್ದು ಕೇಳುತ್ತ ನಿಂತಳು. ಪೆಟ್ಟಿಗೆಯನ್ನು ಕಿತ್ತು ಬೀದಿಗೆ ಎಸೆಯಬೇಕೆನಿಸಿತು.

ಆಕೆ ಹಿರಿಯೂರಿನ ವಿದ್ಯುತ್ ಉಪಕೇಂದ್ರದಲ್ಲಿ ಮೂವತ್ತೊಂದು ವರ್ಷ ಆಪರೇಟರಾಗಿದ್ದವಳು. ಗಂಟೆಗೊಮ್ಮೆ ಮೀಟರು ನೋಡಿ ಲಾಗ್ ಪುಸ್ತಕದಲ್ಲಿ ಬರೆಯುವುದು ಆಕೆಯ ಕೆಲಸವಾಗಿತ್ತು. ಎರಡು ವರ್ಷಗಳ ಹಿಂದೆ ಬಲಗೈ ನಡುಗಲು ಶುರುವಾದಾಗ ತನ್ನ ಮೈಯನ್ನೂ ಹಾಗೇ ದಿನವೂ ಕಂಪ್ಯೂಟರಿನಲ್ಲಿ ಬರೆದಿಟ್ಟಳು: ಎಷ್ಟು ಹೊತ್ತಿಗೆ, ಯಾವ ಕೈ, ಎಷ್ಟು ನಿಮಿಷ. ಹಳೆಯ ಪುಟ ತಿರುವುವ ಅಭ್ಯಾಸ ಮಾತ್ರ ಇರಲಿಲ್ಲ. ಲಾಗ್ ಪುಸ್ತಕ ತಿರುವುವುದು ಅವಘಡವಾದ ಮೇಲೆ ತಾನೆ.

ಸತ್ತ ನರಕೋಶಗಳ ಜಾಗದಲ್ಲಿ ಹೊಸದನ್ನು ಬೆಳೆಸುವ ಚಿಕಿತ್ಸೆಯೊಂದು ಈಗ ಬಂದಿತ್ತು. ಕಾಯಿಲೆ ನಿಧಾನವಾಗಿ ಏರುತ್ತಿರುವವರಿಗೆ ಮಾತ್ರ ಅದು ಫಲಿಸುತ್ತದೆ; ಹಾಗೆಂದು ತೋರಿಸಲು ಎರಡು ವರ್ಷದ ದಿನವಹಿ ದಾಖಲೆ ಬೇಕು. ತನ್ನ ಹತ್ತಿರ ಇದೆಯಲ್ಲ ಎಂದು ಆಕೆ ಧೈರ್ಯವಾಗಿದ್ದಳು. ಅದೇ ದಿನ ಬೆಳಿಗ್ಗೆ ಚಿತ್ರದುರ್ಗದಲ್ಲಿ ನರತಜ್ಞ ಡಾ. ಇರ್ಫಾನ್ ದಾಖಲೆ ತೆರೆದು ನೋಡಿ ತಲೆಯಾಡಿಸಿದರು.

"ಇಪ್ಪತ್ಮೂರು ತಿಂಗಳು ಬರೀ 'ಆರಾಮ' ಅಂತಲೇ ಇದೆಯಲ್ಲಮ್ಮ. ನಡುಕದ ಮಾತು ಬಂದಿರೋದು ಹೋದ ತಿಂಗಳಿಂದ. ಇದರ ಮೇಲೆ ನಾನು ಶಿಫಾರಸು ಬರೆಯೋಕಾಗಲ್ಲ."

ಪರದೆಯ ಮೇಲೆ ಸಾಲಾಗಿ ಒಂದೇ ಮಾತು: ರೂಪಾ ಆರಾಮ. ಊಟ ಆಯಿತು. ರೂಪಾ ಆರಾಮ.

"ಇದು ನಾನು ಬರೆದದ್ದಲ್ವಾ?" ಎಂದ ಪಕ್ಕದಲ್ಲಿದ್ದ ಗಂಡ ಗಿರಿಧರ, ಮೆಚ್ಚುಗೆಯ ದನಿಯಲ್ಲೇ. ಆತ ದಿನಕ್ಕೊಂದು ಸಾಲು ಮನೆಯ ವಿಷಯ ಬರೆಯುತ್ತಿದ್ದ. ಕೆಟ್ಟವನಲ್ಲ. ಆರಾಮ ಎಂದು ಬರೆದರೆ ಆರಾಮವಾಗುತ್ತದೆಂದು ನಂಬಿದವನು. ಅಂಥವರ ಮೇಲೆ ಬರುವ ಸಿಟ್ಟು ಬೇಗ ಇಳಿಯುವುದಿಲ್ಲ.

ಮೂರನೆಯ ದಿನ ರೂಪಶ್ರೀ ಬೆಂಗಳೂರಿಗೆ ಹೋಗಿ, ಆ ಪೆಟ್ಟಿಗೆ ಕಂಡುಹಿಡಿದ ಡಾ. ಸಾನ್ವಿಯ ಎದುರು ಕುಳಿತಳು. ಸಾನ್ವಿ ಪೆಟ್ಟಿಗೆಯ ಒಳಲೆಕ್ಕ ತೆರೆದಳು. ಅಳಿಸಿದ ಬರಹಗಳು ಏಳುನೂರ ಎರಡು. ಪ್ರತಿಯೊಂದರ ಮುಂದೆಯೂ ಒಂದೇ ಕಾರಣ: 'ಇದೇ ಸಂಗತಿ ಮೂಲ ಪ್ರತಿಯಲ್ಲಿದೆ.'

"ಮೂಲ ಅಂದ್ರೆ ಯಾವುದು?"

"ಮೊದಲು ಜೋಡಿಸಿದ ಕಂಪ್ಯೂಟರು, ಮೇಡಂ. ಎರಡು ಬರಹ ಬೇರೆ ಬೇರೆ ಹೇಳಿದ್ರೆ ಒಂದನ್ನ ನಂಬಬೇಕಲ್ಲ. ಲ್ಯಾಬಲ್ಲಿ ಯಾರು ಮೊದಲು ಬರ್ತಾರೋ ಅವರು ಜೋಡಿಸ್ತಿದ್ರು. ಅದರಲ್ಲಿ ಹೆಚ್ಚು ಕಮ್ಮಿ ಏನೂ ಇರಲಿಲ್ಲ."

ರೂಪಶ್ರೀಗೆ ಪೆಟ್ಟಿಗೆ ಮನೆಗೆ ಬಂದ ದಿನ ನೆನಪಾಯಿತು. ಕುಂಕುಮ ಹಚ್ಚಿ ಕಾಯಿ ಒಡೆದಾಗಿತ್ತು. ವೈರು ಆಕೆಯ ಕೈಯಲ್ಲೇ ಇತ್ತು, ಆಕೆಯ ಕಂಪ್ಯೂಟರು ಮೊಣಕೈ ಪಕ್ಕದಲ್ಲೇ ಇತ್ತು. ಮಗ ಚುಚ್ಚು ಅಂದಿದ್ದ. ಆಕೆಯೇ ತಡೆದು, ಮೊದಲು ಯಜಮಾನರದಾಗಲಿ ಎಂದು ವೈರನ್ನು ಗಂಡನ ಕೈಗೆ ಕೊಟ್ಟಿದ್ದಳು.

"ಮನೆಗೆ ಹೊಸದೇನಾದ್ರೂ ಬಂದ್ರೆ ಮೊದಲು ಯಾರ ಕೈಲಿ ಮಾಡಿಸ್ತಾರೆ ಅಂತ ನಿಮಗೆ ಗೊತ್ತಿಲ್ವೇನಮ್ಮ? ನಿಮ್ಮನೇಲಿ ಮೊದಲು ಯಾರದು ಜೋಡಿಸಿದ್ರಿ?"

ಸಾನ್ವಿ ಪರದೆಯಿಂದ ಕಣ್ಣು ತೆಗೆದಳು. "ಅಪ್ಪಂದು."

"ನಿಮ್ಮಮ್ಮ ಏನಾದ್ರೂ ಬರೀತಿದ್ರಾ?"

"ಗೊತ್ತಿಲ್ಲ."

"ಇನ್ನು ಗೊತ್ತಾಗೋದೂ ಇಲ್ಲ. ನಡುಗಿದ್ದು ನನ್ನ ಕೈ. ಅದಕ್ಕೆ ಮೂಲ ನಮ್ಮ ಯಜಮಾನರು, ನಕಲು ನಾನು. ನಾನು ಹೇಳಿದ್ದನ್ನ ಏಳುನೂರು ಸಲ ಒರೆಸಿ ಹಾಕಿದೀರಿ."

ಅಳಿಸಿದ್ದು ಮರಳಿ ಬರುವಂತಿರಲಿಲ್ಲ. ನಿಯಮವನ್ನು ಬದಲಿಸುತ್ತೇನೆ, ಇನ್ನು ಮೂಲ ಯಾವುದೆಂದು ಮನೆಯವರೇ ಆರಿಸಲಿ ಎಂದು ಸಾನ್ವಿ ಮಾತು ಕೊಟ್ಟಳು. ರೂಪಶ್ರೀ ಊರಿಗೆ ಬಂದು ವೈರು ಕಿತ್ತು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದಳು. ಎರಡು ವರ್ಷವನ್ನು ಹೊಸದಾಗಿ ಎಣಿಸಬೇಕು, ಅಷ್ಟರಲ್ಲಿ ಚಿಕಿತ್ಸೆಯ ಕಾಲ ಮೀರಿದರೂ ಮೀರಬಹುದು ಎಂದು ಇರ್ಫಾನ್ ಮುಚ್ಚುಮರೆಯಿಲ್ಲದೆ ಹೇಳಿದರು. ವಾರಕ್ಕೊಮ್ಮೆ ತಾವೇ ಫೋನು ಮಾಡಿ ವಿವರ ಬರೆದುಕೊಳ್ಳುವುದಾಗಿಯೂ ಒಪ್ಪಿದರು. ಆಕೆ ಉದ್ದನೆಯ ನೋಟ್‌ಬುಕ್ ತಂದು ಪೆನ್ನು ಹಿಡಿದಳು. ನಡುಗುವ ಕೈಯಲ್ಲಿ ಅಕ್ಷರಗಳು ಸೊಟ್ಟಗೆ ಬಂದವು, ಆದರೂ ಅವು ಆಕೆಯವೇ ಆಗಿದ್ದವು.

ಮೂರು ತಿಂಗಳ ಮೇಲೆ ಸಾನ್ವಿಯ ಪತ್ರ ಬಂತು. ನಿಯಮ ಬದಲಾಗಿದೆ, ನಾಲ್ಕು ಲಕ್ಷ ಮನೆಗಳಿಗೆ ಆಯ್ಕೆ ಕೊಟ್ಟಾಗಿದೆ. ಮೂರು ಲಕ್ಷ ತೊಂಬತ್ತು ಸಾವಿರ ಮನೆಗಳು ಮತ್ತೆ ಅದೇ ಯಜಮಾನರ ಕಂಪ್ಯೂಟರನ್ನೇ ಆರಿಸಿವೆ. 'ಆಯ್ಕೆಯ ಗುಂಡಿ ಒತ್ತಿದವರಲ್ಲಿ ಹೆಂಗಸರೇ ಹೆಚ್ಚು, ಮೇಡಂ. ನಿಮಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ' ಎಂದಿತ್ತು.

ರೂಪಶ್ರೀ ಪತ್ರ ಮಡಚುವಾಗ ಲೋಟಕ್ಕೆ ಕೈ ತಗುಲಿ ಅರ್ಧ ಕಾಫಿ ಸೀರೆಯ ಮೇಲೆ ಚೆಲ್ಲಿತು. ಅಷ್ಟರಲ್ಲಿ ಫೋನು. ಹತ್ತಿರವಿದ್ದ ಗಿರಿಧರ ಎತ್ತಿಕೊಂಡ.

"ಹೇಳಿ ಡಾಕ್ಟ್ರೇ... ಅವಳಾ? ಆರಾಮಾಗಿದಾಳೆ."

ಪೆಟ್ಟಿಗೆ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಹೆಂಡತಿಯ ಮಾತನ್ನು ತಾನೇ ಹೇಳಿಬಿಡುವುದನ್ನು ಆತನಿಗೆ ಯಾವ ಯಂತ್ರವೂ ಕಲಿಸಿರಲಿಲ್ಲ, ಪೆಟ್ಟಿಗೆಯೇ ಇಂಥ ಮನೆಗಳಿಂದ ಕಲಿತಿತ್ತು.

"ಫೋನ್ ಕೊಡ್ರಿ ಇಲ್ಲಿ," ಎಂದು ರೂಪಶ್ರೀ ಕೈ ಚಾಚಿದಳು. ಚಾಚಿದ ಕೈ ನಡುಗುತ್ತಿತ್ತು. ಗಿರಿಧರ ಬಹುಶಃ ಮೊದಲ ಸಲ ಅದನ್ನು ನೆಟ್ಟ ಕಣ್ಣಿಂದ ನೋಡಿದ. ಆಕೆ ಫೋನು ಕಿವಿಗಿಟ್ಟು ನೋಟ್‌ಬುಕ್ ತೆರೆದಳು.

"ಬರ್ಕೊಳ್ಳಿ ಡಾಕ್ಟ್ರೇ. ಸೋಮವಾರ, ಬೆಳಿಗ್ಗೆ ಆರು ಗಂಟೆ. ಬಲಗೈ, ಹನ್ನೊಂದು ನಿಮಿಷ."