ತಂತಿಬೇಲಿ ಸವಣೂರಿಗೆ ಬಂದಾಗ

ಆ ನೀಲಿ ಶರ್ಟಿನವನು ಹಿರೇಕೆರೂರಿನವನೇ ಇರಬೇಕು. ಇಲ್ಲದಿದ್ದರೆ ಮತ್ತೆ ಮತ್ತೆ ಇತ್ತ ತಿರುಗಿ ಯಾಕೆ ನೋಡುತ್ತಾನೆ? ಅಲ್ಲಿನ ದಲಾಲಿ ಅಡತಿ ಅಂಗಡಿಯಲ್ಲಿ ಅಂಕಿತಾಳ ಅಣ್ಣ ಪ್ರಶಾಂತನ ಪಕ್ಕ ಕೂತಿದ್ದನ್ನು ನೋಡಿದ ಹಾಗಿದೆ. ಅಥವಾ ನೋಡಿಲ್ಲವೇನೋ. ಅಂಜಿಕೆ ಒಳಗೆ ಹೊಕ್ಕ ಮೇಲೆ ಎಲ್ಲ ಮುಖಗಳೂ ಎಲ್ಲೋ ನೋಡಿದ ಮುಖಗಳೇ ಆಗುತ್ತವೆ. ಬರಬೇಡ ಎಂದು ಅಂಕಿತಾಗೆ ಮೆಸೇಜ್ ಹಾಕಲೇ? ಹಾಕಿದರೆ ಅವಳು ಇನ್ನೂ ಬೇಗ ಬರುತ್ತಾಳೆ. ಅವಳ ಸ್ವಭಾವವೇ ಅಂಥದು.

ಶಿವಾನಂದ ಮೊಬೈಲನ್ನು ಕಿಸೆಯಿಂದ ತೆಗೆದ, ಮತ್ತೆ ಕಿಸೆಗೇ ಇಳಿಸಿದ.

ಸವಣೂರಿನ ಶಾಲಾ ಮೈದಾನದಲ್ಲಿ ಸಂಜೆಯ ಬಿಸಿಲು ಇನ್ನೂ ಇಳಿದಿರಲಿಲ್ಲ. ಸ್ಟೇಜಿನ ಮೇಲೆ ಡ್ರಮ್ಮುಗಳನ್ನು ಜೋಡಿಸುತ್ತಿದ್ದರು. ಹಿಂದಿನ ಕಪ್ಪು ಬಟ್ಟೆಯ ಮೇಲೆ ಬಿಳಿ ಅಕ್ಷರಗಳಲ್ಲಿ ‘ತಂತಿಬೇಲಿ’ ಎಂದು ಬರೆದಿತ್ತು. ಧಾರವಾಡದ ನಾಲ್ಕು ಹುಡುಗರ ರಾಕ್ ಬ್ಯಾಂಡ್. ಅದರ ಡ್ರಮ್ಮರ್ ಶಹಾಬುದ್ದೀನ ಸವಣೂರಿನವನು. ಊರವರೆದುರು ಒಮ್ಮೆ ಬಾರಿಸಬೇಕು ಎಂಬ ಅವನ ಹಟಕ್ಕೆ ಬ್ಯಾಂಡು ಇಲ್ಲಿಯವರೆಗೆ ಬಂದಿತ್ತು.

ಊರವರು ತಮಗೆ ತಿಳಿದ ಹಾಗೆ ಏರ್ಪಾಡು ಮಾಡಿದ್ದರು. ನೆಲಕ್ಕೆ ತಾಡಪತ್ರಿ ಹಾಸಿದ್ದರು. ನಾಟಕಕ್ಕೆ ಕಟ್ಟುವಂತೆ ನಟ್ಟನಡುವೆ ಒಂದು ಹಗ್ಗ ಕಟ್ಟಿ, ಈ ಕಡೆ ಗಂಡಸರು, ಆ ಕಡೆ ಹೆಂಗಸರು ಎಂದು ಮಾಡಿದ್ದರು. ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ರಾಕ್ ಶೋ ನೋಡಲು ಯಾರೂ ಕೂರುವುದಿಲ್ಲ ಎಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ.

ಹಾನಗಲ್ಲಿನ ಕಾಲೇಜಿನಲ್ಲಿ ಓದುವಾಗ ಈ ಬ್ಯಾಂಡಿನ ಹಾಡುಗಳೇ ಶಿವಾನಂದ, ಅಂಕಿತಾ ಇಬ್ಬರನ್ನೂ ಹತ್ತಿರ ತಂದಿದ್ದವು. ಒಂದೇ ಇಯರ್‌ಫೋನು, ಒಂದು ತುದಿ ಅವಳ ಕಿವಿಗೆ, ಇನ್ನೊಂದು ಇವನ ಕಿವಿಗೆ. ಆ ವೈರು ಎಷ್ಟು ಉದ್ದವೋ ಅಷ್ಟೇ ಅವರ ನಡುವಿನ ದೂರ. ಯಾರೋ ಅದನ್ನು ಫೋಟೋ ತೆಗೆದು ಅವಳ ಅಣ್ಣನಿಗೆ ಕಳಿಸಿದ್ದರು.

ಪ್ರಶಾಂತ ಜಗಳಕ್ಕೆ ಬರಲಿಲ್ಲ. ಜಗಳಕ್ಕೆ ಬಂದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ತಿಳವಳ್ಳಿಗೆ ಬಂದು, ಶಿವಾನಂದನ ಅಪ್ಪ ಲಕ್ಷ್ಮಪ್ಪನ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಚಹಾ ಕುಡಿದು, ಲೋಟವನ್ನು ತಾನೇ ಒಯ್ದು ಕೊಟ್ಟು ಹೇಳಿದ್ದ.

“ನಿಮ್ಮ ಹುಡುಗ ಭಾಳ ಹುಷಾರ ಅದಾನಂತಲ್ರಿ, ಲಕ್ಷ್ಮಪ್ಪಾರ. ಹಂಗ ಹುಷಾರಾಗಿ ಇರ್ಲಿ.”

ಅಷ್ಟೇ. ಲಕ್ಷ್ಮಪ್ಪ ಆ ಲೋಟವನ್ನು ಬಹಳ ಹೊತ್ತು ತೊಳೆಯುತ್ತಲೇ ಇದ್ದ. ಆ ದಿನದಿಂದ ಶಿವಾನಂದನಿಗೆ ರಸ್ತೆಯಲ್ಲಿ ಹಿಂದೆ ಬೈಕು ನಿಧಾನವಾದರೆ ಬೆನ್ನು ಬಿಗಿಯುತ್ತಿತ್ತು. ಶಿಗ್ಗಾಂವಿಯಲ್ಲಿ ಟ್ಯೂಷನ್ ಹೇಳುವ ಕೆಲಸ ಹಿಡಿದು ಊರಿನಿಂದ ದೂರ ಸರಿದರೂ ಬೈಕಿನ ಸದ್ದು ಅಲ್ಲಿಗೂ ಬಂತು.

ಹೋದ ವಾರ ಅಂಕಿತಾ ಫೋನಿನಲ್ಲಿ ಹೇಳಿದ್ದಳು: “ಸೋಮವಾರ ಬ್ಯಾಡಗಿಯಿಂದ ಕನ್ಯಾ ನೋಡಾಕ ಬರ್ತಾರ. ಅಪ್ಪನ ಮುಂದ ನಿನ್ನ ಹೆಸರು ಹೇಳಾಕ ನಾ ತಯಾರ ಅದೇನಿ. ನೀ ನನ್ನ ಬಾಜೂಕ ನಿಂದರ್ತಿ ಅಂತ ಖಾತ್ರಿ ಆಗ್ಬೇಕು. ಸವಣೂರಿಗೆ ಬಾ.”

ಅವನು ಬಂದಿದ್ದ. ಉತ್ತರ ಮಾತ್ರ ಇನ್ನೂ ಬಂದಿರಲಿಲ್ಲ.

“ಏ ಶಿವಾ.”

ಹಗ್ಗದ ಆಚೆಯಿಂದ ಬಂದ ದನಿಗೆ ಅವನು ಬೆಚ್ಚಿ ತಿರುಗಿದ. ರೇಷ್ಮೆ ಸೀರೆ, ಕೈತುಂಬ ಹಸಿರು ಬಳೆ, ಜಡೆಯಲ್ಲಿ ಮಲ್ಲಿಗೆ. ಒಂದು ಕ್ಷಣ ಯಾರೆಂದು ತಿಳಿಯಲೇ ಇಲ್ಲ.

“ಹಿಂಗ್ಯಾಕ ನೋಡಾಕತ್ತಿ? ನಾನ ಅದೇನಿ.”

“ರಾಕ್ ಶೋಕ್ಕ ರೇಷ್ಮಿ ಸೀರಿ?”

“ಗೆಳತಿ ಕುಬಸ ಐತಿ ಅಂತ ಹೇಳಿ ಬಂದೇನೋ. ಬಸರಿಗೆ ಉಡಿ ತುಂಬಾಕ ಜೀನ್ಸ್ ಹಾಕ್ಕೊಂಡು ಹೊಂಟಿದ್ರ ಅವ್ವ ಬಿಡ್ತಿದ್ಲೇನು?” ಅಂಕಿತಾ ಹಗ್ಗಕ್ಕೆ ಅಂಟಿಕೊಂಡಂತೆ ಕೂತಳು. “ಚೊಲೋ ಕಾಣಾಕತ್ತೇನಿಲ್ಲೋ?”

“ದನಿ ಸಣ್ಣ ಮಾಡು. ಅಲ್ಲಿ ನೀಲಿ ಅಂಗಿ... ನಿಮ್ಮಣ್ಣನ ಕಡಿಯವ ಇರ್ಬೇಕು.”

ಅವಳು ತಲೆಯೆತ್ತಿ ನೇರವಾಗಿ ಆ ಕಡೆ ನೋಡಿದಳು.

“ಯಾರಾರ ಇರ್ಲಿ. ನಾ ಕೇಳಿದ್ದು ಚೊಲೋ ಕಾಣಾಕತ್ತೇನೋ ಇಲ್ಲೋ ಅಂತ.”

ಅವನು ಅವಳ ಕಡೆ ನೋಡದೆ ತಲೆಯಾಡಿಸಿದ. ಅವಳು ನಕ್ಕಳು. ನಗುವಾಗ ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದು ನಗುವನ್ನು ಅರ್ಧಕ್ಕೇ ನಿಲ್ಲಿಸುವುದು ಅವಳ ರೂಢಿ. ನಿಲ್ಲಿಸಿದ ಅರ್ಧ ಕಣ್ಣಿಗೆ ಹೋಗುತ್ತಿತ್ತು.

ನೀಲಿ ಶರ್ಟಿನವನು ಎದ್ದ. ಸೀದಾ ಇವರತ್ತ ಬಂದ. ಶಿವಾನಂದ ಹಗ್ಗದಿಂದ ಸ್ವಲ್ಪ ದೂರ ಸರಿದ.

“ಅಣ್ಣಾ, ತಡಸಕ್ಕ ಹೋಗಾಕ ಕಡೀ ಬಸ್ಸು ಎಷ್ಟಕ್ಕೈತಿ ಗೊತ್ತೇನ್ರಿ? ನೀವು ಪ್ಯಾಟಿಯವರು ಕಂಡಂಗ ಕಂಡ್ರಿ, ಅದಕ್ಕ ಕೇಳಿದೆ.”

ಶಿವಾನಂದ ಗೊತ್ತಿಲ್ಲ ಎಂದು ಕೈಯಾಡಿಸಿದ. ಅಂಕಿತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಭುಜ ಕುಲುಕಿಸಿ ನಗುತ್ತಿದ್ದಳು.

ಅವಳ ಪಕ್ಕ ಕೂತಿದ್ದ ಮುದುಕಿಯೂ ನಕ್ಕಳು. ಬಿಬಿಜಾನ, ಶಹಾಬುದ್ದೀನನ ಅಜ್ಜಿ. ಮಡಿಲಲ್ಲಿ ಸವಣೂರು ಖಾರದ ಪೊಟ್ಟಣ ಇಟ್ಟುಕೊಂಡು, ಸುತ್ತಲಿನವರಿಗೆಲ್ಲ ಮುಷ್ಟಿ ಮುಷ್ಟಿ ಹಂಚುತ್ತಿದ್ದಳು.

“ತಿನ್ನು, ಯವ್ವಾ. ಅಲ್ಲಿ ಬಾರಸಾಕ ಕುಂತಾನಲ್ಲ, ಅಂವ ನನ್ನ ಮೊಮ್ಮಗ. ಮನ್ಯಾಗ ಒಂದ ಡಬ್ಬಿ ಸುದ್ದ ಇಡಗೊಡಲಿಲ್ಲ, ಎಲ್ಲಾ ಬಾರಿಸಿ ಬಾರಿಸಿ ನೆಗ್ಗು ಮಾಡ್ಯಾನ.” ನಂತರ ಅಂಕಿತಾಳ ಬಳೆಗಳನ್ನು, ಹೂವನ್ನು ನೋಡಿದಳು. ಹಗ್ಗದ ಈಚೆ ಮುದುಡಿ ಕೂತಿದ್ದ ಶಿವಾನಂದನನ್ನು ನೋಡಿದಳು. “ಹೊಸದಾಗಿ ಲಗ್ನ ಆಗೇತೇನು?”

ಶಿವಾನಂದ ಬಾಯಿ ತೆರೆಯುವಷ್ಟರಲ್ಲಿ ಅಂಕಿತಾ ಅಂದಳು, “ಹೂಂ ಬೇ ಅಮ್ಮಾ.”

“ಗಂಡ ಭಾಳ ಅಂಜುಬುರುಕ ಕಾಣಸ್ತಾನ.”

“ಅಂಜತಾನ, ಖರೆ. ಆದ್ರ ಚೊಲೋ ಅದಾನ.”

ಅಷ್ಟರಲ್ಲಿ ಶಹಾಬುದ್ದೀನ ಕೋಲುಗಳನ್ನು ತಲೆಯ ಮೇಲೆ ಎತ್ತಿ ಒಂದಕ್ಕೊಂದು ತಾಗಿಸಿದ. ಗಿಟಾರು ಹರಿದುಕೊಂಡು ಬಂತು.

ಇಯರ್‌ಫೋನಿನ ತೆಳು ದಾರದಲ್ಲಿ ಇಷ್ಟು ವರ್ಷ ಕೇಳಿದ ಹಾಡು ಇದೇನಾ ಎಂದು ಅವನಿಗೆ ಅನುಮಾನವಾಯಿತು. ಇದು ಕಿವಿಗೆ ಬರುವ ಮೊದಲು ಎದೆಗೆ ಬಂತು. ತಾಡಪತ್ರಿಯ ಕೆಳಗಿನ ನೆಲ ನಡುಗಿತು. ಹಗ್ಗದ ಒಂದು ತುದಿಯನ್ನು ಸ್ಪೀಕರಿನ ಕಂಬಕ್ಕೇ ಕಟ್ಟಿದ್ದರು, ಡ್ರಮ್ಮಿನ ಪ್ರತಿ ಪೆಟ್ಟಿಗೂ ಅದು ಜೀವ ಬಂದಂತೆ ಕಂಪಿಸುತ್ತಿತ್ತು. ಅಂಕಿತಾ ಅದರ ಮೇಲೆ ಬೆರಳಿಟ್ಟಳು. ಕಣ್ಣಲ್ಲೇ ಅವನನ್ನು ಕರೆದಳು.

ಅವನೂ ಬೆರಳಿಟ್ಟ. ಅವಳ ಬೆರಳಿಗೂ ಅವನ ಬೆರಳಿಗೂ ನಡುವೆ ಒಂದು ಗೇಣು ಹಗ್ಗ. ಆ ಗೇಣಿನಲ್ಲಿ ಹಾಡು ಅತ್ತಿಂದಿತ್ತ ಓಡಾಡಿತು. ಮುಟ್ಟದೆಯೂ ಅವಳು ನಡುಗುವುದು ಅವನಿಗೆ ತಿಳಿಯುತ್ತಿತ್ತು. ಅವನು ನಡುಗುವುದು ಅವಳಿಗೂ ತಿಳಿದಿರಬೇಕು. ಅದರಲ್ಲಿ ಹಾಡಿನದು ಎಷ್ಟು, ಅಂಜಿಕೆಯದು ಎಷ್ಟು ಎಂದು ಅವಳಿಗೆ ಗೊತ್ತಾಗದಿರಲಿ ಎಂದುಕೊಂಡ.

ಆ ಒಂದು ಹಾಡಿನಷ್ಟು ಹೊತ್ತು ಅವನು ಯಾರ ಮುಖವನ್ನೂ ಹುಡುಕಲಿಲ್ಲ.

ಎರಡನೆಯ ಹಾಡಿನ ನಡುವೆ ಬಿಬಿಜಾನ ಅಂಕಿತಾಳ ಬಾಯಿಗೆ ಕಿವಿ ಕೊಟ್ಟು ಏನೋ ಕೇಳಿದಳು. ಅಂಕಿತಾಳ ತುಟಿಗಳು ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಮುದುಕಿ ಎದ್ದು, ಸೆರಗಿನ ಗಂಟು ಬಿಚ್ಚುತ್ತ, ಕೂತವರನ್ನು ದಾಟಿಕೊಂಡು ಸ್ಟೇಜಿನ ಕಡೆ ನಡೆದಳು.

“ಏನ್ ಕೇಳಿದ್ಲು?” ಅವನು ಕೂಗಿ ಕೇಳಿದ.

“ಹೆಸರು.”

“ಏನ್ ಹೇಳ್ದಿ?”

“ಹೆಸರು ಕೇಳಿದ್ರ ಏನ್ ಹೇಳ್ತಾರ? ಹೆಸರು, ಊರು ಎರಡೂ ಹೇಳ್ದೆ. ನಂದು, ನಿಂದು.” ಅವಳು ಭುಜ ಹಾರಿಸಿದಳು. “ಸುಳ್ಳು ಹೆಸರು ಹೊಳೀಲಿಲ್ಲೋ.”

ಅವನಿಗೆ ಆಗಲೇ ತಿಳಿಯಬೇಕಿತ್ತು. ಈ ಸೀಮೆಯಲ್ಲಿ ನಾಟಕವಿರಲಿ, ಭಜನೆಯಿರಲಿ, ಮನಸ್ಸು ತುಂಬಿದವರು ಕಲಾವಿದರಿಗೆ ನೋಟು ಕೊಟ್ಟು ಆಯೇರಿ ಮಾಡುತ್ತಾರೆ. ತಮಗೆ ಬೇಕಾದವರ ಹೆಸರಲ್ಲೂ ಮಾಡುತ್ತಾರೆ. ಆಯೇರಿ ಬಂದರೆ ಆಟ ನಿಲ್ಲಬೇಕು, ಹೆಸರು ಊರು ಎರಡನ್ನೂ ಮೈಕಿನಲ್ಲಿ ಕೂಗಬೇಕು. ರಾಕ್ ಬ್ಯಾಂಡಿಗೆ ಆ ರೂಢಿ ಇಲ್ಲ ಎಂದು ಬಿಬಿಜಾನಳಿಗೆ ಯಾರು ಹೇಳಬೇಕು?

ಹಾಡು ಮುಗಿಯಿತು. ಸವಣೂರಿನ ಎಲ್ಲ ಕಾರ್ಯಕ್ರಮಗಳಲ್ಲೂ ಮೈಕು ಹಿಡಿಯುವ ಶೇಖಸಾಬ, ಗಾಯಕನ ಕೈಯಿಂದಲೇ ಮೈಕು ಇಸಿದುಕೊಂಡ.

“ಒಂದ ನಿಮಿಷ ತಡೀರ್ಯಪ್ಪಾ, ಆಯೇರಿ ಬಂದೈತಿ. ಕಲಾಪ್ರೇಮಿಗಳೇ, ಹೊಸದಾಗಿ ಲಗ್ನ ಆದ ಜೋಡಿ, ಹಿರೇಕೆರೂರ ಅಂಕಿತಾ ಮತ್ತು ತಿಳವಳ್ಳಿ ಶಿವಾನಂದ, ಇವರ ಹೆಸರಿಲೆ ಬಿಬಿಜಾನ ಅಮ್ಮಾರು ಕಲಾವಿದರಿಗೆ ಆಯೇರಿ ಮಾಡ್ಯಾರ. ಜೋಡಿ ನೂರು ವರ್ಷ ಬಾಳ್ಲಿ ಅಂತ ಜೋರಾಗಿ ಚಪ್ಪಾಳಿ!”

ಮೈದಾನ ಮೊಳಗಿತು. ಅವನ ಹೆಸರು ಎದುರಿನ ಗೋಡೆಗೆ ಬಡಿದು ಇನ್ನೊಮ್ಮೆ ಬಂತು.

ಇಷ್ಟು ದಿನ ಕಿಸೆಯಲ್ಲಿ, ಪಾಸ್‌ವರ್ಡಿನ ಹಿಂದೆ, ಡಿಲೀಟ್ ಮಾಡಿದ ಮೆಸೇಜುಗಳಲ್ಲಿ ಅಡಗಿಸಿದ್ದು ಈಗ ಸಂಜೆಯ ಗಾಳಿಯಲ್ಲಿತ್ತು. ಅಲ್ಲಲ್ಲಿ ಮೊಬೈಲುಗಳು ಮೇಲೆದ್ದವು. ಪ್ರತಿ ಮೊಬೈಲೂ ಹಿರೇಕೆರೂರಿನ ಆ ಅಂಗಡಿಗೆ ತೆರೆದ ಕಿಟಕಿಯಂತೆ ಕಂಡಿತು. ಅಪ್ಪ ತೊಳೆಯುತ್ತಲೇ ಇದ್ದ ಲೋಟ ನೆನಪಾಯಿತು.

“ಎಲ್ಲದಾರ ಜೋಡಿ? ಎದ್ದ ನಿಂದ್ರಬೇಕು, ಎಲ್ಲಾರೂ ನೋಡ್ಲಿ!”

ಅಂಕಿತಾ ಎದ್ದು ನಿಂತಳು.

ಸಾವಿರ ಜನ ಕೂತ ಮೈದಾನದಲ್ಲಿ ಅವಳೊಬ್ಬಳೇ ನಿಂತಿದ್ದಳು. ಇಳಿಬಿಸಿಲು ಸೀರೆಯ ಅಂಚಿಗೆ ತಾಗಿ ಹೊಳೆಯುತ್ತಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಅವಳಿಗೂ ಹೆದರಿಕೆಯಿದೆ ಎಂದು ಅವನಿಗೆ ಗೊತ್ತಾದದ್ದು ಆಗಲೇ.

“ಯವ್ವ ಎದ್ಲು. ಯಜಮಾನ್ರು ಎಲ್ಲದಾರಿ? ಶಿವಾನಂದ ಅಂದ್ರ ಯಾರ್ರಿ?”

ಮೈದಾನ ಕಾದಿತು. ಜನರೇಟರಿನ ಗುಂಯ್ ಸದ್ದು ಮಾತ್ರ. ಅವಳು ಕೆಳಗೆ ಅವನತ್ತ ನೋಡಿದಳು. ಅವನು ತಾಡಪತ್ರಿಯ ನೀಲಿಯನ್ನು ನೋಡುತ್ತ ಕೂತಿದ್ದ.

“ಯಜಮಾನ್ರು ನಾಚಿಕೊಂಡಾರ!” ಶೇಖಸಾಬ ನಕ್ಕ. ಜನ ನಕ್ಕರು.

ಗಾಯಕ ಮೈಕು ತೆಗೆದುಕೊಂಡು, “ನಿಂತ್ಕೊಂಡಿರೋ ಅಕ್ಕಾರಿಗೆ ಈ ಹಾಡು” ಎಂದ. ಡ್ರಮ್ಮು ಶುರುವಾಯಿತು. ಅಂಕಿತಾ ಕೂರಲಿಲ್ಲ. ಸ್ವಲ್ಪ ಹೊತ್ತಿಗೆ ಬಿಬಿಜಾನ ಅವಳ ಕೈ ಹಿಡಿದು ಎದ್ದಳು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು, ಆಮೇಲೆ ಗಂಡಸರು. ಇಡೀ ಮೈದಾನ ಎದ್ದು ಕುಣಿಯತೊಡಗಿತು. ಎಲ್ಲರೂ ಎದ್ದ ಮೇಲೆ ಶಿವಾನಂದನೂ ಎದ್ದ. ಆಗ ಏಳುವುದಕ್ಕೆ ಧೈರ್ಯ ಬೇಕಿರಲಿಲ್ಲ.

ಬಸ್ ಸ್ಟ್ಯಾಂಡಿಗೆ ಇಬ್ಬರೂ ರಸ್ತೆಯ ಎರಡು ಬದಿಯಲ್ಲಿ ನಡೆದು ಹೋದರು. ಹಾವೇರಿಯ ಬಸ್ಸು ನಿಂತಿತ್ತು. ಅವಳು ಕಿಟಕಿಯ ಪಕ್ಕ ಕೂತಳು, ಅವನು ಕೆಳಗೆ ನಿಂತ.

“ನೀ ಯಾಕ ಎದ್ದು ನಿಂತಿ?” ಅವನು ಕೇಳಿದ.

“ಕಾಲು ಜೋಮು ಹಿಡಿದಿತ್ತು.” ಅವಳು ನಗಲು ನೋಡಿದಳು. ಈ ಸಲ ನಗು ಅರ್ಧಕ್ಕೂ ಬರಲಿಲ್ಲ. “ಯಾರೂ ನಮ್ಮ ಊರಾವ್ರು ಇರ್ಲಿಲ್ಲೋ, ಶಿವಾ.”

“ವಿಡಿಯೋ ತಗದಾರ. ನಿಮ್ಮಣ್ಣ ನೋಡಿದ್ರ...”

“ನೋಡ್ತಿದ್ದ. ಸಿಟ್ಟಿಗೆ ಬರ್ತಿದ್ದ. ಆಮ್ಯಾಲೆ?” ಅವಳು ಜಡೆಯಿಂದ ಬಾಡಿದ ಹೂವನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. “ಹೋಗ್ಲಿ ಬಿಡು. ಬ್ಯಾಂಡ್ ಏನ್ ಬಾರಿಸಿದ್ರಲ್ಲ! ಮನೀಗೆ ಹುಷಾರಾಗಿ ಹೋಗು.”

ಆ ‘ಹುಷಾರಾಗಿ’ಯಲ್ಲಿ ಬೆದರಿಕೆ ಇರಲಿಲ್ಲ. ಅದಕ್ಕೇ ಅದು ಹೆಚ್ಚು ನೋಯಿಸಿತು.

ಸೋಮವಾರ ಬ್ಯಾಡಗಿಯವರು ಬಂದು ಹೋದರು. ಅವಳು ಅಪ್ಪನ ಮುಂದೆ ಯಾವ ಹೆಸರನ್ನೂ ಹೇಳಲಿಲ್ಲ. ಶಿವಾನಂದ ಹೆದರಿದ್ದ ಯಾವುದೂ ನಡೆಯಲಿಲ್ಲ. ಯಾವ ವಿಡಿಯೋ ಯಾರಿಗೂ ಹೋಗಲಿಲ್ಲ, ಯಾವ ಬೈಕೂ ಅವನ ಪಕ್ಕ ನಿಲ್ಲಲಿಲ್ಲ.

ಬ್ಯಾಡಗಿಯ ಹುಡುಗನೊಂದಿಗೆ ಗೊತ್ತಾದ ಅವಳ ಮದುವೆಗೆ ಇನ್ನೂ ಕೆಲವು ವಾರ ಇರುವಾಗ ‘ತಂತಿಬೇಲಿ’ ಸವಣೂರಿನ ಶೋವನ್ನು ಆಲ್ಬಮ್ ಮಾಡಿ ನೆಟ್ಟಿನಲ್ಲಿ ಬಿಟ್ಟಿತು. ಜೋಡಿಯ ಹೆಸರು, ಊರು ಕತ್ತರಿಸಿದ್ದರು. ಶೇಖಸಾಬನ ಪ್ರಶ್ನೆಯನ್ನು ಮಾತ್ರ ಹಾಗೇ ಬಿಟ್ಟಿದ್ದರು. “ಯಜಮಾನ್ರು ಎಲ್ಲದಾರಿ?” ಆಮೇಲೆ ಜನರೇಟರಿನ ಸದ್ದು. ಆಮೇಲೆ ಜನರ ನಗು, ಡ್ರಮ್ಮು. ಆ ಜಾಗಕ್ಕೆ ಅಭಿಮಾನಿಗಳು ನಗುವಿನ ಚಿತ್ರ ಹಾಕಿ ಕಾಮೆಂಟು ಬರೆದಿದ್ದರು.

ಲಿಂಕ್ ಕಳಿಸಿದವಳು ಅಂಕಿತಾಳೇ. ಕೆಳಗೆ ಒಂದೇ ಮಾತಿತ್ತು: “ಕೇಳಿದ್ಯೇನು?”

ಶಿಗ್ಗಾಂವಿಯ ಕೋಣೆಯಲ್ಲಿ, ಟ್ಯೂಷನ್ನಿನ ಮಕ್ಕಳು ಹೋದ ಮೇಲೆ, ಅವನು ಮತ್ತೆ ಮತ್ತೆ ಕೇಳಿದ. ಆ ಮೌನ ಅಷ್ಟೇನೂ ದೊಡ್ಡದಾಗಿರಲಿಲ್ಲ. ಆದರೆ ಒಂದು ಸಣ್ಣ ಮಾತು ಆಡಲು ಸಾಕಾಗುವಷ್ಟಿತ್ತು. ಅವನು ಬಹಳ ಹೊತ್ತು ಟೈಪ್ ಮಾಡಿದ, ಅಳಿಸಿದ, ಕೊನೆಗೆ ಕಳಿಸಿದ: “ಸೌಂಡ್ ಚೊಲೋ ಬಂದೈತಿ.”

ಅವಳು ಓದಿದ ಗುರುತು ಬಂತು.

‘ಶಿವಾನಂದ ಅಂದ್ರ ನಾನ ರೀ’ ಎಂದು ಅವನು ಸವಣೂರಿನಲ್ಲಿ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.